ಹಳದಿ ಬಟ್ಟೆ ಕಟ್ಟಿದ ಬಾಗಿಲು

ಭಾನುವಾರದ ದೋಸೆ ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಇವತ್ತು ಕಾವಲಿ ಒರೆಸಲು ಹಳೆಯ ಬಟ್ಟೆ ಹುಡುಕುವಾಗ ಕೆಳಗಿನ ಡ್ರಾಯರ್‌ನಲ್ಲಿ ಒಂದು ಹಳದಿ ಟವೆಲ್ ಸಿಕ್ಕಿತು. ಅದರ ಮೂಲೆಯಲ್ಲಿ ಎಷ್ಟು ಒಗೆದರೂ ಹೋಗದ ಕುಂಕುಮದ ಕಲೆ. ಹೆಂಡತಿ ಸುಮಾ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, "ಇದನ್ನ ಮುಟ್ಬೇಡಿ, ಇದು ನಿಮ್ಮ ಮೆಡಲ್ ಅಲ್ವಾ" ಎಂದು ನಕ್ಕಳು. ಮೆಡಲ್ ಖಂಡಿತ ಅಲ್ಲ. ಏನೆಂದು ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ಜಪಾನಿನ ಗ್ಯೋಟೋಕುವಿನಲ್ಲಿರುವ ಈ ಮನೆಗೆ ಬರುವ ಮೊದಲು ನಾವು ಇಲ್ಲಿನದೇ ಓಜಿಮಾದ ಒಂದು ದಾಂಚಿಯಲ್ಲಿದ್ದೆವು. ದಾಂಚಿ ಎಂದರೆ ಹದಿನಾಲ್ಕು ಮಹಡಿಯ ಕಟ್ಟಡಗಳು ಸಾಲಾಗಿ ನಿಂತಿರುವ ದೊಡ್ಡ ವಸತಿ ಸಮುಚ್ಚಯ. ಸುಮ್ಮನೆ ಸಮುಚ್ಚಯ ಎಂದರೆ ಅದಕ್ಕೆ ಅವಮಾನವಾದೀತು. ಅದೊಂದು ಪುಟ್ಟ ನಗರರಾಜ್ಯ. ಅದಕ್ಕೆ ತನ್ನದೇ ಸಭೆ, ತನ್ನದೇ ಹಬ್ಬ, ತನ್ನದೇ ಕಾನೂನು ಇದ್ದವು. ಸುಡುವ ಕಸ ಯಾವ ದಿನ, ಸುಡದ ಕಸ ಯಾವ ದಿನ ಎಂಬುದು ಅಲ್ಲಿನ ಸಂವಿಧಾನ. ನಮ್ಮ ಮಹಡಿಯ ಪೊಲೀಸು, ನ್ಯಾಯಾಧೀಶೆ ಎರಡೂ ಆಗಿದ್ದವರು ಪಕ್ಕದ ಮನೆಯ ಸಾತೋ-ಸಾನ್. ಎಪ್ಪತ್ತೆಂಟರ ಒಂಟಿ ಹೆಂಗಸು, ಕಟ್ಟಡ ಕಟ್ಟಿದಂದಿನಿಂದ ಅಲ್ಲೇ ಇದ್ದವರು. ನಾನು ತಪ್ಪು ದಿನ ಇಟ್ಟ ಕಸದ ಚೀಲವನ್ನು ಮರಳಿ ನನ್ನ ಬಾಗಿಲಿಗೇ ತಂದಿಟ್ಟು, ಸೊಂಟ ಬಗ್ಗಿಸಿ ನಮಸ್ಕರಿಸಿ ಹೋಗುತ್ತಿದ್ದರು. ಆ ನಮಸ್ಕಾರಕ್ಕಿಂತ ಎರಡು ಬೈಗುಳ ವಾಸಿ ಎನಿಸುತ್ತಿತ್ತು.

ಆ ರಾಜ್ಯದಲ್ಲಿ ಪ್ರತಿ ಮಹಡಿಗೂ ಒಬ್ಬ ಮುಖಂಡ. ಪಾಳಿಯ ಪ್ರಕಾರ ವರ್ಷಕ್ಕೊಬ್ಬರು. ಸುನಾಮಿ ತಂದ ಆ ದೊಡ್ಡ ಭೂಕಂಪವಾಗಿ ಮೂರ್ನಾಲ್ಕು ವರ್ಷ ಕಳೆದ ಮೇಲೆ ಪಾಳಿ ನನ್ನ ಬಾಗಿಲಿಗೆ ಬಂತು. ನಮ್ಮ ಮಹಡಿಯಲ್ಲಿ ಹತ್ತು ಮನೆ ನಮ್ಮ ದೇಶದವರದು. "ಇಂಡಿಯಾದವರು ಮುಖಂಡರಾದರೆ ಹೇಗೋ ಏನೋ" ಎಂದು ಸಭೆಯಲ್ಲಿ ಯಾರೋ ಗೊಣಗಿದರೆಂಬ ಸುದ್ದಿ ಕಿವಿಗೆ ಬಿತ್ತು. ಅಂದೇ ಹಟ ಹಿಡಿದೆ. ಈ ವರ್ಷ ನಮ್ಮ ಮಹಡಿಯತ್ತ ಯಾರೂ ಬೆರಳು ತೋರಿಸಕೂಡದು.

ಆ ವರ್ಷ ರಾಜ್ಯದಲ್ಲಿ ಮಹತ್ತರ ಘಟನೆಗಳು ನಡೆದವು. ವಸಂತದಲ್ಲಿ ಚೆರ್ರಿ ಮರದ ಕೆಳಗೆ ನಾವು ಹಂಚಿದ ಪುಳಿಯೋಗರೆಯ ಖಾರಕ್ಕೆ ಸಭೆಯ ಅಧ್ಯಕ್ಷರು ಅತ್ತರು. ಬೇಸಿಗೆಯಲ್ಲಿ ಡೋಲಿನ ಸುತ್ತ ಕುಣಿಯುವ ಹಬ್ಬಕ್ಕೆ ನಮ್ಮ ಹೆಂಗಸರು ಕೋಲಾಟದ ಹೆಜ್ಜೆ ಸೇರಿಸಿದ್ದರಿಂದ ಇಡೀ ವೃತ್ತ ಎರಡು ಸಲ ಉಲ್ಟಾ ತಿರುಗಿತು. ಸೆಪ್ಟೆಂಬರಿನಲ್ಲಿ ಭೂಕಂಪದ ಕವಾಯತು ಬಂತು. ಇಡೀ ವರ್ಷದ ನಿಜವಾದ ಪರೀಕ್ಷೆ ಅದೇ.

ಕವಾಯತಿನ ಕ್ರಮ ಸರಳ. ಸೀಟಿ ಊದಿದ ಕೂಡಲೇ ಮನೆಯಲ್ಲಿ ಎಲ್ಲರೂ ಕ್ಷೇಮವಾಗಿದ್ದರೆ ಬಾಗಿಲ ಹಿಡಿಗೆ ಹಳದಿ ಬಟ್ಟೆ ಕಟ್ಟಬೇಕು. ಬಟ್ಟೆ ಇಲ್ಲದ ಬಾಗಿಲನ್ನು ಮಾತ್ರ ತಟ್ಟಿ ನೋಡುತ್ತಾರೆ. ಹಿಂದಿನ ವರ್ಷ ನಮ್ಮವರಲ್ಲಿ ಅರ್ಧ ಜನ ಮರೆತಿದ್ದರು. ನಾನು ಸಾಫ್ಟ್‌ವೇರ್ ಇಂಜಿನಿಯರ್. ಒಂದೇ ಕೆಲಸವನ್ನು ಎರಡನೇ ಸಲ ಕೈಯಾರೆ ಮಾಡುವುದೆಂದರೆ ನನಗೆ ಮಹಾಪಾಪ. ಹತ್ತೂ ಮನೆಯವರಿದ್ದ ಗುಂಪಿಗೆ ಮೆಸೇಜ್ ಕಳಿಸಿದೆ: "ಬಟ್ಟೆಯನ್ನು ಈಗಲೇ ಕಟ್ಟಿ, ಹಾಗೇ ಬಿಟ್ಟುಬಿಡಿ. ಪರ್ಮನೆಂಟ್ ಸಲ್ಯೂಷನ್." ಎಲ್ಲರೂ ಹೆಬ್ಬೆರಳೆತ್ತಿದ ಚಿತ್ರ ಕಳಿಸಿ ಒಪ್ಪಿದರು. ಮಂಡ್ಯದಿಂದ ಮೂರು ತಿಂಗಳಿಗೆಂದು ಬಂದಿದ್ದ ನಮ್ಮತ್ತೆ, ಸುಮಾಳ ತಾಯಿ, "ಬಾಗ್ಲಿಗೆ ಹಳದಿ ಬಟ್ಟೆ ಎಷ್ಟ್ ಲಕ್ಷಣವಾಗದೆ!" ಎಂದು ಅದರ ಮೂಲೆಗೆ ಕುಂಕುಮವನ್ನೂ ಇಟ್ಟರು. ಕವಾಯತಿನಲ್ಲಿ ನಮ್ಮ ಮಹಡಿಗೇ ಮೊದಲ ಸ್ಥಾನ. ಅಧ್ಯಕ್ಷರು ಚಪ್ಪಾಳೆ ತಟ್ಟಿದರು, ನಾನು ಎದೆಯುಬ್ಬಿಸಿ ನಿಂತೆ.

ನವೆಂಬರಿನ ಒಂದು ಮಧ್ಯಾಹ್ನ ನಿಜವಾಗಿಯೇ ನೆಲ ನಡುಗಿತು. ನಾನು, ಸುಮಾ ಆಫೀಸಿನಲ್ಲಿ, ಅತ್ತೆ ಒಬ್ಬರೇ ಮನೆಯಲ್ಲಿ. ನಡುಕ ನಿಂತ ಮೇಲೆ ಅತ್ತೆಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅಷ್ಟರಲ್ಲಿ ಸಾತೋ-ಸಾನ್ ಅವರ ಮೆಸೇಜ್ ಬಂತು: "ಮಹಡಿ ಪೂರ್ತಿ ನೋಡಿದೆ. ನಿಮ್ಮ ಮನೆಗೂ ಹಳದಿ ಬಟ್ಟೆ ಇದೆ. ಎಲ್ಲರೂ ಕ್ಷೇಮ." ಸದ್ಯ, ಬದುಕಿದೆ ಎಂದುಕೊಂಡು ಪಕ್ಕದ ಮೇಜಿನವನಿಗೂ ಹೇಳಿದೆ. ಯಂತ್ರದಿಂದ ಕಾಫಿ ಹಿಡಿದು ಒಂದು ಗುಟುಕು ಕುಡಿದ ಮೇಲೆ ಹೊಳೆಯಿತು. ಆ ಬಟ್ಟೆಯನ್ನು ಕಟ್ಟಿದ್ದು ಅತ್ತೆಯಲ್ಲ. ಸೆಪ್ಟೆಂಬರಿನಲ್ಲಿ ನಾನು ಕಟ್ಟಿದ್ದು.

ಕಾಫಿ ಅಲ್ಲೇ ಬಿಟ್ಟೆ. ಮತ್ತೆ ಫೋನ್ ಮಾಡಿದರೆ ಲೈನ್ ಸಿಗಲಿಲ್ಲ, ಸಾತೋ-ಸಾನ್ ಅವರಿಗೂ ಸಿಗಲಿಲ್ಲ. ರೈಲು ನಿಂತಿತ್ತು. ನಡೆದೆ, ಓಡಿದೆ, ಏದುಸಿರು ಬಿಡುತ್ತಾ ಸೇತುವೆ ದಾಟಿದೆ. ದಾರಿಯುದ್ದಕ್ಕೂ ಸುಮಾಳಿಗೆ ಏನು ಹೇಳಲಿ ಎಂಬುದೊಂದೇ ಚಿಂತೆ. ಲಿಫ್ಟ್ ಕೆಟ್ಟಿತ್ತು. ಒಂಬತ್ತು ಮಹಡಿ ಹತ್ತಿ ಬಾಗಿಲು ತೆರೆದರೆ, ಗೋಡೆಗೆ ಬಿಗಿಯದೆ ಬಿಟ್ಟಿದ್ದ ನನ್ನ ಪುಸ್ತಕದ ಕಪಾಟು ಬಚ್ಚಲಿನ ಬಾಗಿಲಿಗೆ ಅಡ್ಡ ಬಿದ್ದಿತ್ತು. ಒಳಗಿನಿಂದ ದನಿ ಬಂತು.

"ಬಂದ್ರಾ ಅಳಿಯಂದ್ರೇ? ಮೊದ್ಲು ಸ್ಟೌ ನೋಡಿ, ಬೇಳೆ ಇಟ್ಟಿದ್ದೆ."

ಗ್ಯಾಸ್ ನಡುಕಕ್ಕೆ ತಾನಾಗಿಯೇ ನಿಂತುಹೋಗಿತ್ತು. ಕಪಾಟು ಎತ್ತಿ ಸರಿಸಿ ಅತ್ತೆಯನ್ನು ಹೊರಗೆ ಕರೆತಂದೆ. ಬಾಗಿಲು ಒದ್ದು ಒದ್ದು ಅವರ ಕಾಲಿನ ಹೆಬ್ಬೆರಳು ಬಾತಿತ್ತು, ಕೂಗಿ ಕೂಗಿ ಗಂಟಲು ಕಟ್ಟಿತ್ತು. ಎರಡೂವರೆ ಗಂಟೆ ಒಳಗಿದ್ದರು. "ಯಾರೋ ಬಾಗ್ಲ ತಂಕ ಬಂದ್ರು, ಹೆಜ್ಜೆ ಕೇಳುಸ್ತು. ನಾ ಕೂಗಿದ್ದು ಕೇಳುಸ್ಲಿಲ್ವೇನೋ, ಹೊಂಟೋದ್ರು" ಎಂದರು. ನಾನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ.

ಸಂಜೆ ಸಾತೋ-ಸಾನ್ ಕಿತ್ತಳೆ ಹಣ್ಣಿನ ಚೀಲ ಹಿಡಿದು ಬಂದು ಅತ್ತೆಯ ಮುಂದೆ ಹಣೆ ನೆಲಕ್ಕೆ ತಾಗುವಂತೆ ಬಾಗಿದರು. "ದಿನಾ ನೋಡಿ ಕಣ್ಣಿಗೆ ರೂಢಿಯಾಗಿತ್ತು, ಗಾಬರಿಯಲ್ಲಿ ಅದೇ ಹಳೆಯ ಬಟ್ಟೆ ಎಂದು ಹೊಳೆಯದೆ ಮುಂದೆ ಹೋದೆ. ತಟ್ಟಬೇಕಿತ್ತು." ತಪ್ಪು ನಿಮ್ಮದಲ್ಲ, ನನ್ನದು ಎಂದು ಎಲ್ಲವನ್ನೂ ಒಪ್ಪಿಕೊಂಡೆ. ಅವರು "ಹಾಗಾದರೆ ಎರಡು ತಿಂಗಳಿಂದ ಹತ್ತು ಬಾಗಿಲು ಸುಳ್ಳು ಹೇಳುತ್ತಿದ್ದವು" ಎಂದಷ್ಟೇ ಹೇಳಿ ಎದ್ದು ಹೋದರು.

ಮರುವಾರ ಅಧ್ಯಕ್ಷರು ಬಹಳ ನಯವಾಗಿ, ನಿಮಗೆ ಆಫೀಸಿನ ಕೆಲಸ ಹೆಚ್ಚಿರಬಹುದು, ಉಳಿದ ತಿಂಗಳು ಬೇರೆಯವರು ನೋಡಿಕೊಳ್ಳುತ್ತಾರೆ ಎಂದರು. ಜಪಾನಿನಲ್ಲಿ ಇದಕ್ಕಿಂತ ಗಟ್ಟಿಯಾಗಿ ಯಾರೂ ಕತ್ತು ಹಿಡಿದು ನೂಕುವುದಿಲ್ಲ. ನಾನು ಒಪ್ಪಲಿಲ್ಲ. ಫೆಬ್ರವರಿಯಲ್ಲಿ ಬರುವ ಎರಡನೇ ಕವಾಯತಿನ ತನಕ ಇರುತ್ತೇನೆ, ಕೆಡಿಸಿದ್ದನ್ನು ನಾನೇ ಸರಿಮಾಡುತ್ತೇನೆ ಎಂದೆ.

ಭಾನುವಾರ ಮನೆಮನೆಗೆ ಹೊರಟಾಗ ಅತ್ತೆ ಬ್ಯಾಂಡೇಜು ಸುತ್ತಿದ ಕಾಲಿನಲ್ಲೇ ಜೊತೆಗೆ ನಿಂತರು. "ನೀವು ಇಂಗ್ಲಿಷ್ನಲ್ಲಿ ಏನೇನೋ ಹೇಳ್ತೀರಿ. ನನ್ ಕಾಲು ನೋಡುದ್ರೆ ಅರ್ಥ ಆಯ್ತದೆ." ಮೊದಲ ಬಾಗಿಲಿನಲ್ಲೇ ಬೆಂಗಳೂರಿನ ಹುಡುಗನೊಬ್ಬ, "ಅಂಕಲ್, ಪರ್ಮನೆಂಟ್ ಅಂತ ನೀವೇ ತಾನೆ ಮೆಸೇಜ್ ಹಾಕಿದ್ದು?" ಎಂದ.

"ಹೌದಪ್ಪಾ, ನಾನೇ. ಅದನ್ನ ಬಿಚ್ಚಿಸೋಕೇ ಬಂದಿದೀನಿ."

ಅತ್ತೆ ಕಾಲು ಮುಂದೆ ಚಾಚಿ, "ನೋಡು ಮಗಾ, ನಾನು ಚೆನ್ನಾಗಿವ್ನಿ ಅಂತ ಬಟ್ಟೆ ಹೇಳ್ತಿತ್ತಂತೆ. ಬಟ್ಟೆಗೇನ್ ಗೊತ್ತು ನನ್ ಪಾಡು?" ಎಂದರು. ಅವನು ಅಲ್ಲೇ ಬಿಚ್ಚಿದ. ನಮ್ಮದೂ ಸೇರಿ ಹತ್ತು ಬಟ್ಟೆಗಳು ಅಂದೇ ಒಳಗೆ ಹೋದವು. ಆಮೇಲೆ ಪ್ರತಿ ಭಾನುವಾರ ಯಾವುದಾದರೊಂದು ಮನೆಯ ಕಪಾಟನ್ನು ಗೋಡೆಗೆ ಬಿಗಿಯುವ ಕೆಲಸ. ಮೊದಲನೆಯದು ನನ್ನದು. ಜಪಾನಿ ಮನೆಗಳಿಗೂ ಸುಮಿಮಾಸೆನ್, ಕ್ಷಮಿಸಿ ಎನ್ನುತ್ತಾ ಹೋದೆ. ಸಾತೋ-ಸಾನ್ ಮಾತ್ರ ಎದುರಾದರೆ ನಮಸ್ಕರಿಸುವರು, ಮಾತಿಲ್ಲ. ಕಸದ ಚೀಲ ತಂದಿಡುವುದನ್ನೂ ಬಿಟ್ಟಿದ್ದರು. ಅದರಿಂದ ನನಗೆ ನಿಜಕ್ಕೂ ನೋವಾಗಿತ್ತು.

ಫೆಬ್ರವರಿಯ ಸೀಟಿ ಮೊಳಗಿತು. ಒಂದೊಂದೇ ಬಾಗಿಲು ತೆರೆದು, ಒಂದೊಂದೇ ಕೈ ಹೊರಬಂದು ಬಟ್ಟೆ ಕಟ್ಟಿತು. ನಾನು ನೋಡುತ್ತಾ ಬಂದೆ. ಎಲ್ಲ ಬಾಗಿಲೂ ಆಯಿತು, ಕೊನೆಯಲ್ಲಿ ಸಾತೋ-ಸಾನ್ ಅವರದು ಮಾತ್ರ ಬರಿದು. ತಟ್ಟಿದೆ. ಉತ್ತರವಿಲ್ಲ. ಬೆಲ್ ಒತ್ತಿದೆ. "ಸಾತೋ-ಸಾನ್!" ಎಂದು ಕೂಗಿದೆ. ಕವಾಯತು ಎಂಬುದೇ ಮರೆತು ಎರಡೂ ಕೈಯಿಂದ ಗುದ್ದತೊಡಗಿದೆ.

ಬಾಗಿಲು ತೆರೆಯಿತು. ತಲೆಗೆ ಹೆಲ್ಮೆಟ್, ಕಾಲಿಗೆ ಬೂಟು, ಕೈಯಲ್ಲಿ ಮಡಿಸಿದ ಹಳದಿ ಬಟ್ಟೆ. ಬಾಗಿಲ ಹಿಂದೆಯೇ ನಿಂತಿದ್ದರು.

"ಬರುತ್ತೀರೋ ಇಲ್ಲವೋ ಎಂದು ಕಾಯುತ್ತಿದ್ದೆ" ಎಂದರು. ನಂತರ ನನ್ನೆದುರೇ ನಿಧಾನವಾಗಿ ಬಟ್ಟೆ ಕಟ್ಟಿ, ಗಂಟನ್ನು ಎರಡು ಸಲ ಎಳೆದು ನೋಡಿದರು.

ಇಷ್ಟು ಬರೆಯುವಷ್ಟರಲ್ಲಿ ಈಗ, ಈ ಗ್ಯೋಟೋಕುವಿನ ಮನೆಯಲ್ಲಿ, ನೆಲ ಒಮ್ಮೆ ಅಲುಗಿತು. ದೊಡ್ಡದೇನಲ್ಲ, ಕಿಟಕಿ ಗಡಗಡ ಎಂದಿತು ಅಷ್ಟೆ. ಆದರೂ ಪಂಚೆಯಲ್ಲೇ ಹೊರಗೋಡಿ ಐದು ಮನೆಯ ಬೆಲ್ ಒತ್ತಿ ಬಂದೆ. ಎಲ್ಲರೂ ಕ್ಷೇಮ. ಇಬ್ಬರಿಗೆ ನನ್ನ ಪಂಚೆ ನೋಡಿ ನಗು ತಡೆಯಲಾಗಲಿಲ್ಲ. ಒಳಗೆ ಬಂದರೆ ಸುಮಾ ಅಡುಗೆಮನೆಯಲ್ಲಿ ನನ್ನ ಬದಲು ಕಾವಲಿಗೆ ದೋಸೆ ಹುಯ್ದು, ನನಗೆ ಬೆನ್ನು ಮಾಡಿ ಪಾತ್ರೆ ಜೋಡಿಸುತ್ತಿದ್ದಳು.

"ಬೀದಿಯವರನ್ನೆಲ್ಲಾ ವಿಚಾರಿಸಿ ಬಂದ್ರಾ?"

"ಬಂದೆ. ನೀನು? ಚೆನ್ನಾಗಿದೀಯಾ?"

ತಟ್ಟೆಯನ್ನು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತಳು.

"ಇಲ್ಲ ಕಣ್ರೀ," ಎಂದಳು, "ಕೈ ನಡುಗ್ತಾ ಇದೆ. ನೆಲ ಅಲುಗಿದಾಗ್ಲೆಲ್ಲಾ ನಡುಗತ್ತೆ. ನೀವು ಕೇಳಿರ್ಲಿಲ್ಲ."

ನಾನೂ ಅವಳ ಪಕ್ಕ ಕೂತೆ. ದೋಸೆ ಕರಿಯಾಯಿತು.