ಹಿತ್ತಿಲ ಬಾಗಿಲಿನ ಅಕ್ಕ
ನಮ್ಮ ಲ್ಯಾಬಿನಲ್ಲಿ ಎಚ್‌ಐವಿ ಇರುವವರ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ಅಕ್ಕನಿಗೆ ನಾವಿಟ್ಟ ಹೆಸರು ಹಿತ್ತಿಲಕ್ಕ. ಯಾರ ಮನೆಗೆ ಹೋದರೂ ಅಷ್ಟೇ, ಮುಂಬಾಗಿಲು ತಟ್ಟಿ ಉತ್ತರ ಬರದಿದ್ದರೆ ಹಿತ್ತಿಲಿಗೆ ಸುತ್ತಿ ಬಂದು ಅಲ್ಲೂ ತಟ್ಟುತ್ತಾಳೆ. ನಮ್ಮ ಸಾಹೇಬರು ಹೀಗೇ ಒಮ್ಮೆ ಬರೀ ಟವೆಲಿನಲ್ಲಿ ಸಿಕ್ಕಿಬಿದ್ದು, ಅವಳು ಕೇಳಿದ ರಜೆಗೆ ನಿಂತಲ್ಲೇ ಒಪ್ಪಿದ್ದರು. ಅಂಗಡಿಯವನು ಸಕ್ಕರೆ ಇಲ್ಲ ಎಂದರೆ "ಮೂಟೆ ಸರಿಸಿ ನೋಡಿದ್ಯಾ?" ಎನ್ನುತ್ತಾಳೆ. ಗಂಡ ಕನ್ನಡಕ ಇಲ್ಲ ಎಂದು ತಡಕಾಡಿದರೆ "ಕಾಣಿಸ್ತಿಲ್ಲ ಅನ್ನೋದು ಬೇರೆ, ಇಲ್ಲ ಅನ್ನೋದು ಬೇರೆ ಕಣ್ರೀ" ಎಂದು ಪಾಠ ಹೇಳಿ, ಫ್ರಿಜ್ಜಿನಿಂದ ತೆಗೆದುಕೊಡುತ್ತಾಳೆ. ಮೆಷಿನ್ "ವೈರಸ್ ಇಲ್ಲ" ಎಂದರೂ ಬಿಡುವವಳಲ್ಲ, ವಿಧಾನ ಬದಲಿಸಿ ಇನ್ನೊಮ್ಮೆ ಅಳೆಯಬೇಕು. "ಈ ವೈರಸ್‌ನಲ್ಲಿ ಎಷ್ಟೋ ಕುಲ. ಒಂದರ ಹೆಸರು ಹಿಡಿದು ಕೂಗಿದ್ರೆ ಇನ್ನೊಂದು ಯಾಕಪ್ಪಾ ಓಗೊಡುತ್ತೆ?" ನಾವು ಹಸಿದ ಹೊಟ್ಟೆಯಲ್ಲಿ ಗೊಣಗುತ್ತ ಕೂರುತ್ತೇವೆ. ಎರಡೂ ಸಲ ಒಂದೇ ಉತ್ತರ ಬಂದರೆ ತಾನೇ ಹೊರಗಿನ ಬೆಂಚಿಗೆ ಹೋಗಿ, ಕಾದಿದ್ದವರ ಪಕ್ಕ ಕೂತು, "ಎರಡೂ ಬಾಗಿಲು ತಟ್ಟಿ ಬಂದೆ, ಸದ್ದಿಲ್ಲ. ಮಲಗಿದೆ. ಮಾತ್ರೆ ನಿಲ್ಲಿಸಿ ಎಬ್ಬಿಸ್ಬೇಡಿ" ಎನ್ನುತ್ತಾಳೆ. ಅವಳ ಅಣ್ಣನಿಗೆ ಹಿಂದೆ ಬೇರೆಲ್ಲೋ ಒಂದೇ ಬಾಗಿಲು ತಟ್ಟಿ, ವೈರಸ್ ಇಲ್ಲ ಎಂದು ವರದಿ ಕೊಟ್ಟಿದ್ದರಂತೆ. ಅವನೊಳಗಿದ್ದದ್ದು ಆ ಮೆಷಿನ್ನಿಗೆ ಗೊತ್ತಿಲ್ಲದ ಕುಲ. "ಮೈಯಲ್ಲಿ ಶಕ್ತಿಯೇ ಇಲ್ಲ ಕಣೇ" ಎನ್ನುತ್ತಿದ್ದ ಅಣ್ಣನನ್ನು, ಅವನು ತೀರಿಹೋಗುವ ತನಕ, "ವರದಿ ನೋಡು, ಸುಮ್ನಿರು" ಎಂದು ಗದರಿದವಳು ಇವಳೇ.