ಹೊಳೆ ನೀರು ಹೊಕ್ಕ ಉಪ್ಪಿನಕಾಯಿ ಜಾಡಿ

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಬಿಳಿಗೆರೆಯಿಂದ ತಿ. ನರಸೀಪುರಕ್ಕೆ ಸೊಸೆಯಾಗಿ ಬಂದ ಎರಡನೆಯ ಮಳೆಗಾಲ ಅದು. ನಮ್ಮ ಮನೆ ಹೊಳೆಗೆ ಹತ್ತಿರದ ತಗ್ಗು ಬೀದಿಯಲ್ಲಿತ್ತು. ನಮ್ಮವರಿಗೆ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಕೆಲಸ. ವಾರವೆಲ್ಲ ಅಲ್ಲೇ ಸ್ನೇಹಿತರ ರೂಮಿನಲ್ಲಿದ್ದು ಭಾನುವಾರ ಬರುತ್ತಿದ್ದರು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಮನೆಯಲ್ಲಿ ಇರುತ್ತಿದ್ದವರು ಅತ್ತೆ, ನಾನು ಮತ್ತು ಹೆರಿಗೆಗೆಂದು ತವರಿಗೆ ಬಂದಿದ್ದ ನಾದಿನಿ ಜಯ.

ಜಯಳಿಗೆ ಏಳು ತಿಂಗಳು ತುಂಬಿತ್ತು. ಇದಕ್ಕೆ ಮೊದಲು ಒಮ್ಮೆ ಮೂರು ತಿಂಗಳಿಗೇ ಗರ್ಭ ಇಳಿದುಹೋಗಿದ್ದರಿಂದ ಈಗ ಅವಳು ಕೆಮ್ಮಿದರೂ ಅತ್ತೆಯ ಜೀವ ಹಾರುತ್ತಿತ್ತು. ಅವಳ ಬಾಯಿಗೆ ಏನೂ ರುಚಿಸುತ್ತಿರಲಿಲ್ಲ. ಗಂಟಲಲ್ಲಿ ಅನ್ನ ಇಳಿಯಬೇಕಾದರೆ ಅತ್ತೆ ಹಾಕಿದ ಮಾವಿನ ಉಪ್ಪಿನಕಾಯಿ ಬೇಕೇ ಬೇಕು.

ಆ ಉಪ್ಪಿನಕಾಯಿಯ ವಿಷಯ ಸ್ವಲ್ಪ ಹೇಳಲೇಬೇಕು. ಅದು ಇದ್ದದ್ದು ಅತ್ತೆಯ ಮದುವೆಯಲ್ಲಿ ಅವರ ತಾಯಿ ಕೊಟ್ಟ ದೊಡ್ಡ ಪಿಂಗಾಣಿ ಜಾಡಿಯಲ್ಲಿ. ಜಾಡಿ ಬರಿದಾಗಬಾರದು ಎಂದು ತಾಯಿ ಹೇಳಿ ಕಳಿಸಿದ್ದರಂತೆ. ಅದಕ್ಕೇ ಪ್ರತಿ ಬೇಸಿಗೆಯಲ್ಲೂ ತಳದಲ್ಲಿ ಒಂದು ಹಿಡಿ ಹಳೆಯದು ಉಳಿದಿರುವಾಗಲೇ ಅದರ ಮೇಲೆ ಹೊಸದನ್ನು ಹಾಕುತ್ತಿದ್ದರು. ಒದ್ದೆ ಕೈ ತಾಗಬಾರದು, ಎಂಜಲು ಸೌಟು ತಾಗಬಾರದು, ತಿಂಗಳ ಮುಟ್ಟಾದವರಂತೂ ಆ ಮೂಲೆಯ ಕಡೆ ತಿರುಗಿಯೂ ನೋಡಬಾರದು. ಈ ಕೊನೆಯ ನಿಯಮ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಹೊಸ ಸೊಸೆಯಲ್ಲವೇ, ಬಾಯಿ ಮುಚ್ಚಿಕೊಂಡಿದ್ದೆ.

ಆ ವರ್ಷ ಮಳೆ ಜೋರಾಗಿ, ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ಮನೆ ಖಾಲಿ ಮಾಡಿ ಎಂದು ಒಂದು ಮಧ್ಯಾಹ್ನ ಆಟೋದಲ್ಲಿ ಮೈಕು ಕಟ್ಟಿಕೊಂಡು ಸಾರಿದರು. ರಾಗಿ ಮೂಟೆಗಳನ್ನು ಅಟ್ಟಕ್ಕೇರಿಸಿ, ಜಯಳನ್ನು ನಡುವೆ ಹಿಡಿದುಕೊಂಡು, ಮೇಲಿನ ಬೀದಿಯ ಶಾಲೆಗೆ ಹೋದೆವು. ಜಾಡಿಯನ್ನು ಎತ್ತಲಾಗಲಿಲ್ಲ. ಶಾಲೆಯಲ್ಲಿ ಇದ್ದಷ್ಟು ದಿನವೂ ಅತ್ತೆಗೆ ಅದರದೇ ಜಪ. ಸಾಲದ್ದಕ್ಕೆ ಅಲ್ಲೇ ನಾನು ಮುಟ್ಟಾದೆ. ಬೈದುಕೊಳ್ಳುತ್ತಲೇ ಅತ್ತೆ ತಮ್ಮ ಹಳೆಯ ಸೀರೆಯೊಂದನ್ನು ಹರಿದು ಕೊಟ್ಟರು.

ನೀರು ಇಳಿದ ಮೇಲೆ ಮನೆಗೆ ಬಂದರೆ ಬಾಗಿಲು ತೆಗೆಯಲೂ ಆಗದಷ್ಟು ಕೆಸರು. ಹೊಳೆಯ ನೀರು ಮಾತ್ರ ಆಗಿದ್ದರೆ ಪರವಾಗಿರಲಿಲ್ಲ. ಬೀದಿಯ ಚರಂಡಿ, ಕಕ್ಕಸು ಗುಂಡಿ, ತಿಪ್ಪೆ ಎಲ್ಲವೂ ಅದರೊಳಗೆ ಸೇರಿ ನಮ್ಮ ಮನೆಯನ್ನು ಸುತ್ತಿಕೊಂಡು ಹೋಗಿದ್ದವು. ಅಡುಗೆಮನೆಯ ಗೋಡೆಯ ಮೇಲೆ ನೀರು ನಿಂತ ಗುರುತು ನನ್ನ ಸೊಂಟದ ಎತ್ತರಕ್ಕಿತ್ತು.

ಆಸ್ಪತ್ರೆಯಿಂದ ಸಿಸ್ಟರ್ ಒಬ್ಬರು ಬ್ಲೀಚಿಂಗ್ ಪೌಡರ್ ಹಿಡಿದು ಮನೆಮನೆಗೂ ಬಂದರು. ಹಿಂದಿನ ಬೀದಿಯಲ್ಲಿ ಆಗಲೇ ವಾಂತಿ ಭೇದಿ ಶುರುವಾಗಿತ್ತು. ಇಬ್ಬರಿಗೆ ಡ್ರಿಪ್ ಹಾಕಿದ್ದರಂತೆ. ಸಿಸ್ಟರ್ ಜಯಳ ಹೊಟ್ಟೆ ನೋಡಿದವರೇ ದನಿ ಏರಿಸಿದರು.

“ನೋಡಿಯಮ್ಮಾ, ಬಾವಿಗೆ ಪೌಡರ್ ಹಾಕ್ಸಿ, ನೀರು ಕುದಿಸ್ದೆ ಕುಡೀಬೇಡಿ. ಈ ನೀರು ತಾಗಿರೋ ತಿನ್ನೋ ಪದಾರ್ಥ ಒಂದೂ ಇಟ್ಕೋಬೇಡಿ. ಬಸುರಿಗೆ ಭೇದಿ ಹತ್ತಿದ್ರೆ ಮಗೂಗೇ ಕಷ್ಟ.”

ಅತ್ತೆ ಎಲ್ಲವನ್ನೂ ಶಿರಸಾವಹಿಸಿ ಮಾಡಿದರು. ಬೇಳೆ, ಬೆಲ್ಲ, ಹುಣಸೆಹಣ್ಣು, ಹಪ್ಪಳದ ಡಬ್ಬ ಎಲ್ಲವೂ ಹಿತ್ತಿಲ ಗುಂಡಿಗೆ ಹೋದವು. ಹಾಸಿಗೆಗಳನ್ನು ಸುಟ್ಟರು. ಆದರೆ ನಾನು ಜಾಡಿಯ ಕಡೆ ಕೈ ತೋರಿಸಿದ ಕೂಡಲೇ ಅಡ್ಡ ನಿಂತರು.

“ಅದ್ಯಾಕವ್ವಾ ಬಿಸಾಕ್ಬೇಕು? ಮುಚ್ಚಳ ಹಂಗೇ ಅದೆ, ಕಟ್ಟಿರೋ ಬಟ್ಟೆ ಹಂಗೇ ಅದೆ. ಅಷ್ಟು ಉಪ್ಪು ಖಾರದಾಗೆ ಯಾವ ಹುಳ ಬದುಕ್ಕಂಡದು?”

“ಸಿಸ್ಟರ್ ಹೇಳಿದ್ರಲ್ಲ ಅತ್ತೆ...”

“ಸಿಸ್ಟರಮ್ಮ ಏನ್ ಉಪ್ಪಿನ್‌ಕಾಯಿ ಆಕಿದ್ದಾಳಾ? ಸುಮ್ನಿರು. ಮ್ಯಾಗಿಂದು ತೆಗ್ದು, ಬಿಸಿ ಎಣ್ಣೆ ಉಯ್ದ್ರೆ ಆಯ್ತದೆ.”

ಅತ್ತೆ ಹಿತ್ತಿಲಿಗೆ ಹೋದಾಗ ನಾನು ಜಾಡಿಯ ಮುಚ್ಚಳ ತೆಗೆದು ನೋಡಿದೆ. ಜಯ ತಿಂದು ತಿಂದು ಉಪ್ಪಿನಕಾಯಿ ಅರ್ಧಕ್ಕಿಂತ ಕೆಳಗಿಳಿದಿತ್ತು ಎಂದು ನನಗೆ ಚೆನ್ನಾಗಿ ಗೊತ್ತು. ಈಗ ನೋಡಿದರೆ ಎಣ್ಣೆ ಜಾಡಿಯ ಕಂಠದವರೆಗೂ ಬಂದು ನಿಂತಿದೆ! ನೀರು ಒಳಗೆ ಹೋಗಿ ಎಣ್ಣೆಯನ್ನು ಮೇಲೆತ್ತಿತ್ತು. ಅಂಚಿನಲ್ಲಿ ಕೆಸರಿನ ಸಣ್ಣ ಗೆರೆಯೂ ಇತ್ತು. ಹೇಳಿದರೆ ಮತ್ತೆ ಜಗಳ. ನಮ್ಮವರು ಬರಲು ಇನ್ನೂ ಭಾನುವಾರ ಆಗಬೇಕು.

ಮಾರನೆಯ ದಿನ ಬೆಳಿಗ್ಗೆ ಜಯ ತಟ್ಟೆಯ ಮುಂದೆ ಕುಳಿತಳು. ಬಿಸಿ ಅನ್ನ, ಕುದಿಸಿ ಆರಿಸಿದ ನೀರು. ಪಾಪ, ಎಷ್ಟೋ ದಿನದಿಂದ ಅವಳಿಗೆ ಸರಿಯಾದ ಊಟವಿರಲಿಲ್ಲ.

“ಅವ್ವ, ಒಂದೇ ಒಂದು ಹೋಳು ಆಕವ್ವ. ನಾಲಿಗೆ ಸತ್ತೋಗದೆ,” ಎಂದಳು.

ಅತ್ತೆ ಕೈ ಒರೆಸಿಕೊಂಡು ಜಾಡಿಯ ಮುಂದೆ ಕುಳಿತು ಮುಚ್ಚಳ ತೆಗೆದರು. ಸೌಟು ಎಣ್ಣೆಯ ಮೇಲೆ ಬಂತು. ಆ ಕ್ಷಣದಲ್ಲಿ ನನಗೆ ಏನು ಹೊಳೆಯಿತೋ, ಓಡಿಹೋಗಿ ಎರಡೂ ಕೈಯಿಂದ ಜಾಡಿಯನ್ನು ತಬ್ಬಿಕೊಂಡು, “ಅಯ್ಯೋ ಅತ್ತೆ, ತಡೀರಿ! ನಿನ್ನೆಯಿಂದ ನಾನು ಮುಟ್ಟಾಗಿದ್ದೀನಿ, ಗಡಿಬಿಡೀಲಿ ಮರೆತು ಜಾಡಿ ಮುಟ್ಟಿಬಿಟ್ಟಿದ್ದೆ, ಈಗ್ಲೂ ಮುಟ್ಟಿಬಿಟ್ಟೆ!” ಎಂದುಬಿಟ್ಟೆ.

ಹೇಳಿದ ಮೇಲೆ ಶಾಲೆಯಲ್ಲಿ ಹರಿದು ಕೊಟ್ಟ ಸೀರೆ ನೆನಪಾಯಿತು. ಹತ್ತು ದಿನವೂ ಆಗಿರಲಿಲ್ಲ. ಅತ್ತೆ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದರು. ಆಮೇಲೆ ಜಯಳ ತಟ್ಟೆ ನೋಡಿದರು. ಆಮೇಲೆ ಶುರುವಾಯಿತು ನೋಡಿ ಬೈಗುಳ! ನನ್ನನ್ನು, ಬಿಳಿಗೆರೆಯನ್ನು, ನನಗೆ ಬುದ್ಧಿ ಕಲಿಸದ ನಮ್ಮ ಅವ್ವನನ್ನು, ಯಾರನ್ನೂ ಬಿಡಲಿಲ್ಲ. ಬೈಯುತ್ತಲೇ ಜಾಡಿಯನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಗುಂಡಿಗೆ ಬಗ್ಗಿಸಿದರು. ಎಣ್ಣೆಯ ಹಿಂದೆಯೇ ಕಂದು ನೀರು ಬುಳಬುಳ ಸುರಿಯಿತು, ಕೆಟ್ಟ ನಾತ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಕಣ್ಣನ್ನೂ ಒರೆಸಿಕೊಂಡರು. ಜಾಡಿಯನ್ನು ಕುದಿಯುವ ನೀರಿನಲ್ಲಿ ತೊಳೆದು, ಪೌಡರ್ ಹಾಕಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿದರು.

ನನಗೋ, ಹೇಳಿದ ಸುಳ್ಳಿಗೆ ತಕ್ಕಂತೆ ನಡೆಯಲೇಬೇಕಾಯಿತು. ಮೂರು ದಿನ ಜಗುಲಿಯ ಮೂಲೆಯಲ್ಲಿ ಕುಳಿತೆ. ಮನೆಯ ಕೆಸರನ್ನೆಲ್ಲ ಅತ್ತೆಯೇ ಬಳಿದರು, ತಟ್ಟೆ ತಂದು ಮುಂದಿಟ್ಟರು. ಮದುವೆಯಾದ ಮೇಲೆ ಅಂಥ ವಿಶ್ರಾಂತಿ ನನಗೆ ಸಿಕ್ಕಿದ್ದೇ ಇಲ್ಲ. ಬೀದಿಯಲ್ಲಿ ಇನ್ನೂ ಕೆಲವರು ಆಸ್ಪತ್ರೆ ಸೇರಿದರು. ನಮ್ಮ ಮನೆಯಲ್ಲಿ ಯಾರ ಹೊಟ್ಟೆಯೂ ಕೆಡಲಿಲ್ಲ. ತಿಂಗಳು ತುಂಬಿ ಜಯಳಿಗೆ ಹೆಣ್ಣುಮಗು ಹುಟ್ಟಿತು, ಬೀದಿಗೆಲ್ಲ ಕೇಳುವಷ್ಟು ಗಂಟಲು.

ಮುಂದಿನ ಬೇಸಿಗೆಯಲ್ಲಿ ಮಾವಿನಕಾಯಿ ಬಂತು. ಹೋಳು ಹೆಚ್ಚಿ, ಉಪ್ಪು ಖಾರ ಎಲ್ಲ ಸಿದ್ಧ ಮಾಡಿಟ್ಟ ಮೇಲೆ ಅತ್ತೆ ಬರಿದಾದ ಜಾಡಿಯನ್ನು ನನ್ನ ಮುಂದಕ್ಕೆ ತಳ್ಳಿದರು. ನಾನು ಹಿಂದೆ ಸರಿದೆ. ಅಂದು ನಿಜವಾಗಿಯೂ ನನಗೆ ಮುಟ್ಟು.

“ಅತ್ತೆ, ನಾನು ಹೊರಗಾಗಿದ್ದೀನಿ.”

“ಗೊತ್ತು ಕಣವ್ವ. ಆವತ್ತು ಆಗಿರ್ನಿಲ್ಲ ಅನ್ನೋದೂ ಗೊತ್ತು. ಸೀರೆ ಅರ್ದು ಕೊಟ್ಟೋಳು ನಾನೇ ಅಲ್ವಾ?”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ಮತ್ತೆ ಯಾಕೆ ಚೆಲ್ಲಿದ್ರಿ?” ಎಂದೆ.

“ಎಣ್ಣೆ ಮ್ಯಾಕ್ ಬಂದಿದ್ದು ನನ್ ಕಣ್ಗೂ ಕಂಡಿತ್ತು. ನಮ್ಮವ್ವನ ಜಾಡಿ, ನಾನಾಗೇ ಬರಿದು ಮಾಡಕ್ಕೆ ಮನಸ್ಸು ಬರ್ನಿಲ್ಲ. ಸೌಟು ಇಡ್ಕಂಡು, ಯಾರಾರ ಬಂದು ತಡೀಬಾರ್ದಾ ಅಂತಿದ್ದೆ. ನೀನ್ ಬಂದೆ. ಈಗ ಕಲಸು, ಇನ್ಮ್ಯಾಕೆ ಇದು ನಿಂದು.”

ಕಲಸಿದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಖಾರದ ಪುಡಿಯ ಹೆಸರು ಹೇಳಿದೆ. ಆ ವರ್ಷ ಹಾಕಿದ್ದು ಮುಂದಿನ ಬೇಸಿಗೆಯವರೆಗೂ ಕೆಡಲಿಲ್ಲ.

ಅತ್ತೆ ಈಗ ಇಲ್ಲ. ಜಾಡಿ ನನ್ನ ಅಡುಗೆಮನೆಯಲ್ಲಿ ಎತ್ತರದ ಕಟ್ಟೆಯ ಮೇಲಿದೆ. ಅದರ ತಳದಲ್ಲಿ ಪ್ರತಿ ವರ್ಷವೂ ಒಂದು ಹಿಡಿ ಉಳಿಸುತ್ತೇನೆ. ರಜೆಗೆ ಬಂದಾಗ ಜಯಳ ಮಗಳು ಕೇಳದೆಯೇ ಮುಚ್ಚಳ ತೆಗೆದು ಹೋಳು ಹುಡುಕುತ್ತಾಳೆ. ದಿನ ಯಾವುದು ಎಂದು ನಾನು ಕೇಳುವುದಿಲ್ಲ, ಕೈ ಒಣಗಿದೆಯಾ ಎಂದಷ್ಟೇ ಕೇಳುತ್ತೇನೆ.