ಉಟ್ಟಾಕಿ ಯಾರು?

ಗೆಳತಿಯರೇ, ಸೈಬರ್ ಕೆಫೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅಲ್ಮಾರಿ ಖಾಲಿ ಮಾಡಿ, ಒಮ್ಮೆ ಮಾತ್ರ ಉಟ್ಟ ನನ್ನ ಡಿಸೈನರ್ ಸೀರೆಗಳನ್ನು ಮಾರಲು ಇಟ್ಟಿದ್ದೆನಲ್ಲ, ಇವತ್ತು ಕಮಲಾಪುರದಿಂದ ತಾಯಿ-ಮಗಳು ಗಾಜಿಪುರದ ನಮ್ಮ ಮನೆಗೆ ಬಂದರು. ಮದುವೆ ಗೊತ್ತಾಗಿರುವ ಮಗಳು ಕೆಂಪು ಸೀರೆಯನ್ನು ಎದೆಗವಚಿಕೊಂಡಳು. ತಾಯಿ ಸೆರಗಿನಲ್ಲಿ ಪಿನ್ನಿನ ತೂತು ಹುಡುಕಿದಳು.

"ಯಾರೋ ಉಟ್ಟಾರಲ್ರಿ ಇದನ್ನ?"

"ಹೂಂ ರೀ, ಒಂದೇ ಸಲ."

"ಉಟ್ಟಾಕಿ ಮುತ್ತೈದಿ ಹೌದಿಲ್ರಿ? ಗಂಡನ ಮನ್ಯಾಗ ಚಂದ ಬಾಳ್ವೆ ಮಾಡ್ಲತ್ತಾಳಿಲ್ಲೋ?"

ಅಡುಗೆಮನೆಯಲ್ಲಿ ಅವ್ವನ ಪಾತ್ರೆಯ ಸದ್ದು ನಿಂತಿತು. ನನಗೆ ವಿಚ್ಛೇದನ ಆಗಿದ್ದು ನಿಮಗೆ ಗೊತ್ತು, ಆ ತಾಯಿಗೆ ಗೊತ್ತಿಲ್ಲ. ಸೀರೆ ನನ್ನದೆಂದೂ ನಾನು ಹೇಳಿರಲಿಲ್ಲ. ಹುಡುಗಿ ಸೀರೆ ಕೈಬಿಡದೆ ನನ್ನನ್ನೇ ನೋಡುತ್ತಿದ್ದಳು.

"ಆಕಿ ಈಗ ಭಾಳ ಆರಾಮ ಅದಾಳ್ರಿ," ಎಂದೆ.

ಸೀರೆ ಕಮಲಾಪುರದ ಬಸ್ಸು ಹತ್ತಿತು. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅಲ್ಮಾರಿ ಖಾಲಿಯಾದಾಗಿನಿಂದ ಉಟ್ಟಾಕಿಗೆ ನಿದ್ದೆಯೂ ಚೆನ್ನಾಗಿ ಬರುತ್ತಿದೆ.